ಖರಹರಪ್ರಿಯ ಅಲ್ಲದ ಖರಹರಪ್ರಿಯ: ‘ಕೈಂಡ್ ಆಫ್ ಬ್ಲೂ’ ಕೇಳುವ ಬಗೆ

ಆಗ ನನಗೆ ಇಪ್ಪತ್ತು ವರ್ಷ. ಸ್ನೇಹಿತನೊಬ್ಬ ಕೊಟ್ಟಿದ್ದ ಹಳೆಯ ಕ್ಯಾಸೆಟ್ ಹಾಕಿಕೊಂಡು ನಡುಮನೆಯಲ್ಲಿ ಕೂತಿದ್ದೆ. ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’. ಮೊದಲ ಟ್ರ್ಯಾಕ್ ‘ಸೋ ವಾಟ್’ ಶುರುವಾಗಿತ್ತು. ಅಡುಗೆಮನೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಅಮ್ಮ ಅಲ್ಲಿಂದಲೇ ಕೇಳಿದರು: “ಇದು ಖರಹರಪ್ರಿಯ ರಾಗ ಅಲ್ವೇನೋ?”

ಅಮ್ಮ ಮನೆಯಲ್ಲೇ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದವರು. ಸರಳೆ ವರಸೆ, ಜಂಟಿ ವರಸೆ ಕಿವಿಗೆ ಬೀಳುತ್ತಲೇ ನಾನು ಬೆಳೆದೆ. ಜಾಝ್ ಅಂದರೆ ಏನು ಅಂತ ಅವರಿಗೆ ಗೊತ್ತಿರಲಿಲ್ಲ. ಆದರೂ ಕಿವಿ ತನ್ನ ಕೆಲಸ ಮಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು ಪ್ರಶ್ನೆ ಬಂತು. “ಅಯ್ಯೋ, ಇದ್ದಕ್ಕಿದ್ದ ಹಾಗೆ ಶ್ರುತಿ ಏರಿಸಿಬಿಟ್ಟರಲ್ಲೋ! ಯಾಕೆ?”

ಈ ಎರಡು ಪ್ರಶ್ನೆಗಳನ್ನು ಆಮೇಲೆ ಎಷ್ಟೋ ವರ್ಷ ನಾನು ತಲೆಯಲ್ಲಿ ಇಟ್ಟುಕೊಂಡೇ ಓಡಾಡಿದ್ದೇನೆ. ಈ ಆಲ್ಬಂ ಯಾಕೆ ಇಷ್ಟು ದೊಡ್ಡದು ಅನ್ನೋದಕ್ಕೆ ಉತ್ತರ ಅವುಗಳ ಒಳಗೇ ಇದೆ ಅಂತ ಈಗ ಅನ್ನಿಸುತ್ತೆ. ರಾಗ ಕೇಳಿ ಬೆಳೆದ ಕಿವಿಗೆ ಇದರ ಬಾಗಿಲು ಬೇಗ ತೆರೆಯುತ್ತೆ, ನಿಜ. ಆದರೆ ಒಳಗೆ ಹೋದಮೇಲೂ ಅದನ್ನು ರಾಗದ ಹಾಗೆಯೇ ಕೇಳುತ್ತಾ ಕೂತರೆ, ಅಲ್ಲಿ ನಡೆಯುವ ಮುಖ್ಯ ಸಂಗತಿಯೇ ತಪ್ಪಿಹೋಗುತ್ತೆ. ನನಗೆ ಹಾಗೇ ಆಗಿತ್ತು. ಹಾಗಾಗಿ ಇದನ್ನು ಬಿಡಿಸಿ ಬರೆಯಬೇಕು ಅನ್ನಿಸಿತು.

ಮೊದಲು ಆಲ್ಬಂ ಯಾವುದು, ಯಾರು ಮಾಡಿದ್ದು ನೋಡೋಣ. ಇದರ ಧ್ವನಿಮುದ್ರಣ ನಡೆದದ್ದು 1959ರಲ್ಲಿ, ನ್ಯೂಯಾರ್ಕ್‌ನಲ್ಲಿ, ಎರಡೇ ದಿನ. ಮಾರ್ಚ್ 2 ಮತ್ತು ಏಪ್ರಿಲ್ 22. ಜಾಗ ಕೊಲಂಬಿಯಾ ಕಂಪನಿಯ 30ನೇ ಬೀದಿಯ ಸ್ಟುಡಿಯೋ. ಅದು ಮೊದಲು ಚರ್ಚ್ ಆಗಿದ್ದ ಕಟ್ಟಡ. ತುಂಬಾ ಎತ್ತರದ ಚಾವಣಿ. ಸ್ವರ ಮೇಲೆ ಹೋಗಿ ಮೆತ್ತಗೆ ಇಳಿದು ಬರುವಷ್ಟು ಜಾಗ. ಆಲ್ಬಂ ತುಂಬಾ ಕೇಳಿಸುವ ಆ ಗಾಳಿಯಾಡುವ ಭಾವಕ್ಕೆ ಕಟ್ಟಡವೂ ಒಂದು ಕಾರಣ.

ನುಡಿಸಿದವರು ಏಳು ಜನ. ಟ್ರಂಪೆಟ್‌ನಲ್ಲಿ ಮೈಲ್ಸ್ ಡೇವಿಸ್. ಟೆನರ್ ಸ್ಯಾಕ್ಸೋಫೋನ್‌ನಲ್ಲಿ ಜಾನ್ ಕೋಲ್ಟ್ರೇನ್. ಆಲ್ಟೋ ಸ್ಯಾಕ್ಸೋಫೋನ್‌ನಲ್ಲಿ ಜೂಲಿಯನ್ ಆಡರ್ಲಿ. ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಕ್ಯಾನನ್‌ಬಾಲ್’ ಅಂತ. ತಗ್ಗಿನ ಸ್ವರದ ದೊಡ್ಡ ತಂತಿವಾದ್ಯ ಬಾಸ್‌ನಲ್ಲಿ ಪಾಲ್ ಚೇಂಬರ್ಸ್, ಡ್ರಮ್ಸ್‌ನಲ್ಲಿ ಜಿಮ್ಮಿ ಕಾಬ್. ಪಿಯಾನೋಗೆ ಇಬ್ಬರು. ಒಂದು ಟ್ರ್ಯಾಕ್‌ಗೆ ವಿಂಟನ್ ಕೆಲ್ಲಿ, ಉಳಿದ ನಾಲ್ಕಕ್ಕೆ ಬಿಲ್ ಇವಾನ್ಸ್. ಆ ಹೊತ್ತಿಗೆ ಬ್ಯಾಂಡಿನ ಪಿಯಾನೋ ವಾದಕ ಕೆಲ್ಲಿ. ಇವಾನ್ಸ್ ಬ್ಯಾಂಡ್ ಬಿಟ್ಟಾಗಿತ್ತು. ಈ ಕೆಲಸಕ್ಕೆ ಅಂತಲೇ ಡೇವಿಸ್ ಅವರನ್ನು ಮತ್ತೆ ಕರೆಸಿಕೊಂಡರು. ಯಾಕೆ ಅನ್ನೋದು ಮುಂದೆ ಗೊತ್ತಾಗುತ್ತೆ. ಅಂದಹಾಗೆ, ಏಪ್ರಿಲ್ 22 ಪಾಲ್ ಚೇಂಬರ್ಸ್ ಹುಟ್ಟಿದ ದಿನ. ಅವತ್ತಿಗೆ ಅವರಿಗೆ ತುಂಬಿದ್ದು ಬರೀ 24 ವರ್ಷ. ಆ ಬಾಸ್ ಕೇಳುವಾಗ ನನಗೆ ಈ ವಿಷಯ ಪ್ರತಿ ಸಲ ನೆನಪಾಗುತ್ತೆ.

ಈಗ ವಿಷಯಕ್ಕೆ ಬರೋಣ. ಈ ಆಲ್ಬಂ ಬಗ್ಗೆ ಎಲ್ಲರೂ ಹೇಳುವ ಮಾತು ಒಂದೇ: ಇದು ‘ಮೋಡಲ್ ಜಾಝ್’. ಹಾಗಂದರೇನು? ಅದು ತಿಳಿಯಬೇಕಾದರೆ ಅದಕ್ಕೂ ಮುಂಚೆ ಜಾಝ್ ಹೇಗಿತ್ತು ಅಂತ ಗೊತ್ತಾಗಬೇಕು.

ನಮ್ಮ ಸಂಗೀತದಲ್ಲಿ ಹಿಂದೆ ತಂಬೂರಿ ಮಿಡಿಯುತ್ತಿರುತ್ತೆ. ಅದರ ಮೇಲೆ ಒಂದು ಹೊತ್ತಿಗೆ ಒಂದೇ ಸ್ವರ ನಡೆಯುತ್ತೆ. ಆಧಾರ ಷಡ್ಜ ಕಚೇರಿ ಪೂರ್ತಿ ಅಲ್ಲಾಡೋದಿಲ್ಲ. ಪಾಶ್ಚಾತ್ಯ ಸಂಗೀತದಲ್ಲಿ ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ನುಡಿಸುತ್ತಾರೆ. ಹಾರ್ಮೋನಿಯಂ ಇದ್ದರೆ ಸ, ಗ, ಪ ಮೂರೂ ಮನೆಗಳನ್ನು ಒಟ್ಟಿಗೆ ಒತ್ತಿ ನೋಡಿ. ಅದೇ ಕಾರ್ಡ್. ಗಿಟಾರ್ ಕಲಿತವರಿಗೆ ಇದು ಚೆನ್ನಾಗಿ ಗೊತ್ತು. ಹಾಡು ಸಾಗಿದಂತೆ ಈ ಕಾರ್ಡ್ ಬದಲಾಗುತ್ತಾ ಹೋಗುತ್ತೆ. ಬದಲಾದಾಗಲೆಲ್ಲ ಕಾಲ ಕೆಳಗಿನ ನೆಲವೇ ಸರಿದ ಹಾಗೆ. ಈ ಕಾರ್ಡ್ ಮೇಲೆ ಸೊಗಸಾಗಿ ಕೂತ ಸ್ವರ ಮುಂದಿನ ಕಾರ್ಡ್ ಮೇಲೆ ಚುಚ್ಚಬಹುದು.

1940ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ಬೆಳೆದ ಬೀಬಾಪ್ ಶೈಲಿಯಲ್ಲಿ ಈ ಕಾರ್ಡ್‌ಗಳು ಬಹಳ ಬೇಗ ಬೇಗ ಬದಲಾಗುತ್ತಿದ್ದವು. ಚಾರ್ಲಿ ಪಾರ್ಕರ್, ಡಿಝಿ ಗಿಲೆಸ್ಪಿ ಅಂಥವರು ಅದರ ದೊಡ್ಡ ಹೆಸರುಗಳು. ಆಗುಂಬೆ ಘಾಟಿ ಇಳಿಯುವ ಬಸ್ಸಿನ ಡ್ರೈವರನ್ನು ನೆನಪಿಸಿಕೊಳ್ಳಿ. ಒಂದು ತಿರುವು ಮುಗಿಯುವ ಮೊದಲೇ ಇನ್ನೊಂದು. ಕೈ, ಕಾಲು, ಕಣ್ಣು ಮೂರಕ್ಕೂ ಪುರುಸೊತ್ತಿಲ್ಲ. ಅದೂ ದೊಡ್ಡ ವಿದ್ಯೆಯೇ, ಅದರ ರೋಮಾಂಚನವೇ ಬೇರೆ. ಮೈಲ್ಸ್ ಡೇವಿಸ್ ಕೂಡ ಹತ್ತೊಂಬತ್ತರ ವಯಸ್ಸಿಗೇ ಪಾರ್ಕರ್ ಜೊತೆ ಆ ಘಾಟಿ ಇಳಿದವರು.

ಆದರೆ ಘಾಟಿಯಲ್ಲಿ ಎಲ್ಲಿ ತಿರುಗಬೇಕು ಅನ್ನೋದನ್ನು ರಸ್ತೆ ಹೇಳುತ್ತೆ. ಡ್ರೈವರ್ ಅದನ್ನು ಪಾಲಿಸಬೇಕು. 1950ರ ದಶಕದ ಕೊನೆಗೆ ಡೇವಿಸ್ ಅವರಿಗೆ ಇದು ಸಾಕಾಗಿತ್ತು. ಕಾರ್ಡ್‌ಗಳ ಸರಪಳಿ ಕಡಿಮೆ ಮಾಡಿ ಒಂದೇ ಸ್ವರಸಮೂಹದ ಮೇಲೆ ಬಹಳ ಹೊತ್ತು ನಿಂತರೆ ಹೇಗೆ? ಅಂಥ ಸ್ವರಸಮೂಹಕ್ಕೆ, ಅಂದರೆ ಸ್ಕೇಲ್‌ಗೆ, ಮೋಡ್ ಅನ್ನುತ್ತಾರೆ. ಅದರಿಂದ ಬಂದ ಹೆಸರು ಮೋಡಲ್. ಘಾಟಿ ಮುಗಿದು ಬಯಲುಸೀಮೆಯ ನೇರ ರಸ್ತೆ ಬಂತು ಅಂತಿಟ್ಟುಕೊಳ್ಳಿ. ಸುಲಭ ಆಯ್ತು ಅಂತ ಅನ್ನಿಸುತ್ತೆ ಅಲ್ವಾ? ನಿಜಕ್ಕೂ ಕಷ್ಟ ಶುರುವಾಗೋದೇ ಅಲ್ಲಿ. ಈಗ ಏನು ಮಾಡಬೇಕು ಅಂತ ರಸ್ತೆ ಹೇಳೋದಿಲ್ಲ. ನುಡಿಸುವವರ ಹತ್ತಿರ ಹೇಳೋದಕ್ಕೆ ಏನಾದರೂ ಇರಬೇಕು. ಇಲ್ಲದಿದ್ದರೆ ಮೂವತ್ತು ಸೆಕೆಂಡಿನಲ್ಲಿ ಬಂಡವಾಳ ಬಯಲಾಗುತ್ತೆ.

ಈ ಯೋಚನೆ ಆಕಾಶದಿಂದ ಉದುರಿದ್ದಲ್ಲ. ಜಾರ್ಜ್ ರಸೆಲ್ ಅನ್ನೋ ಸಂಗೀತಗಾರ 1953ರಲ್ಲೇ ಸ್ಕೇಲ್‌ಗಳನ್ನು ಮುಂದಿಟ್ಟುಕೊಂಡು ಜಾಝ್ ಅನ್ನು ನೋಡುವ ಸಿದ್ಧಾಂತವೊಂದನ್ನು ಹೊರತಂದಿದ್ದರು. ಬಿಲ್ ಇವಾನ್ಸ್ ಆ ವಿಚಾರಗಳ ಹತ್ತಿರ ಬೆಳೆದವರು. ಡೇವಿಸ್ ಅವರೇ 1958ರಲ್ಲಿ ‘ಮೈಲ್‌ಸ್ಟೋನ್ಸ್’ ಅನ್ನೋ ರಚನೆಯಲ್ಲಿ ಇದನ್ನು ಪ್ರಯತ್ನಿಸಿ ನೋಡಿದ್ದರು. ಪಶ್ಚಿಮ ಆಫ್ರಿಕಾದ ಗಿನಿ ದೇಶದ ನೃತ್ಯತಂಡದ ಪ್ರದರ್ಶನದಲ್ಲಿ ಕೇಳಿದ ಬೆರಳಿನಿಂದ ಮೀಟುವ ಕಲಿಂಬಾ ವಾದ್ಯ, ಚಿಕ್ಕಂದಿನಲ್ಲಿ ಅರ್ಕನ್ಸಾಸ್‌ನ ಹಳ್ಳಿ ದಾರಿಯಲ್ಲಿ ಕೇಳಿದ ಚರ್ಚ್ ಹಾಡು, ಇವೆರಡೂ ಈ ಆಲ್ಬಂ ಮಾಡುವಾಗ ಮನಸ್ಸಿನಲ್ಲಿದ್ದವು ಅಂತ ಅವರು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅಂದರೆ ಇದರ ಬೇರು ಕಪ್ಪು ಅಮೆರಿಕದಲ್ಲಿ, ಆಫ್ರಿಕಾದಲ್ಲಿ. ನಮ್ಮ ರಾಗಗಳಿಂದ ಹುಟ್ಟಿದ ಆಲ್ಬಂ ಇದಲ್ಲ. ನಮ್ಮವರು ಕೆಲವರು ಹೆಮ್ಮೆಯಿಂದ ಹಾಗೆ ಹೇಳೋದನ್ನು ಕೇಳಿದ್ದೇನೆ. ಅದು ಸರಿಯಲ್ಲ. ಕೋಲ್ಟ್ರೇನ್ ಮುಂದೆ ಭಾರತದ ಸಂಗೀತದ ಕಡೆ ಆಳವಾಗಿ ತಿರುಗಿದರು, 1965ರಲ್ಲಿ ಹುಟ್ಟಿದ ಮಗನಿಗೆ ರವಿಶಂಕರ್ ಮೇಲಿನ ಗೌರವಕ್ಕೆ ರವಿ ಅಂತ ಹೆಸರಿಟ್ಟರು. ಅದು ಬೇರೆ ಕಥೆ, ಆಮೇಲಿನ ಕಥೆ.

ಹಾಗಿದ್ದರೆ ಅಮ್ಮನ ಕಿವಿಗೆ ಖರಹರಪ್ರಿಯ ಎಲ್ಲಿಂದ ಬಂತು?

‘ಸೋ ವಾಟ್’ ಬಳಸುವ ಸ್ಕೇಲ್‌ನ ಹೆಸರು ಡೋರಿಯನ್. ಅದರ ಏಳು ಸ್ವರಗಳನ್ನು ನಮ್ಮ ಲೆಕ್ಕದಲ್ಲಿ ಹೇಳಿದರೆ ಷಡ್ಜ, ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಚತುಶ್ರುತಿ ಧೈವತ, ಕೈಶಿಕಿ ನಿಷಾದ. 22ನೇ ಮೇಳಕರ್ತ ಖರಹರಪ್ರಿಯದ ಸ್ವರಗಳು ಇವೇ. ಹಿಂದೂಸ್ತಾನಿಯವರಿಗೆ ಕಾಫಿ ಥಾಟ್. ಅಮ್ಮನ ಕಿವಿ ತಪ್ಪಿರಲಿಲ್ಲ.

ಆದರೆ ಸ್ವರಗಳು ಒಂದೇ ಆದ ಮಾತ್ರಕ್ಕೆ ರಾಗ ಆಗೋದಿಲ್ಲ. ಖರಹರಪ್ರಿಯದಲ್ಲಿರುವ ತ್ಯಾಗರಾಜರ ಕೃತಿ ‘ಚಕ್ಕನಿ ರಾಜಮಾರ್ಗಮು’ ಹಾಡುವಾಗ ಆ ಗಾಂಧಾರ ಒಂದು ಕಡೆ ಸುಮ್ಮನೆ ನಿಲ್ಲೋದೇ ಇಲ್ಲ. ತೂಗುತ್ತೆ. ಆ ತೂಗಾಟ ತೆಗೆದರೆ ಖರಹರಪ್ರಿಯ ಒಣಗಿಹೋಗುತ್ತೆ. ಡೇವಿಸ್ ಅವರ ಗಾಂಧಾರ ನೇರವಾಗಿ ನಿಲ್ಲುತ್ತೆ. ಕಂಪನ ತುಂಬಾ ಕಡಿಮೆ. ಅವರ ಜೀವ ಗಮಕದಲ್ಲಿಲ್ಲ. ಸ್ವರದ ಬಣ್ಣದಲ್ಲಿದೆ, ಅದು ಬರುವ ಹೊತ್ತಿನಲ್ಲಿದೆ. ಅರ್ಧ ಎಣಿಕೆ ತಡವಾಗಿ ಬಂದು ಕೂರುವ ಆ ರೀತಿಯಲ್ಲಿದೆ. ಕದ್ರಿ ಗೋಪಾಲನಾಥ್ ಅವರ ಸ್ಯಾಕ್ಸೋಫೋನ್ ಕೇಳಿದವರಿಗೆ ಈ ವ್ಯತ್ಯಾಸ ತಕ್ಷಣ ಹೊಳೆಯುತ್ತೆ. ಅವರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿಕೊಂಡದ್ದು ಆಲ್ಟೋ ಸ್ಯಾಕ್ಸೋಫೋನನ್ನೇ. ಕ್ಯಾನನ್‌ಬಾಲ್ ಕೈಯಲ್ಲಿದ್ದದ್ದೂ ಅದೇ ವಾದ್ಯ. ಗೋಪಾಲನಾಥ್ ಅವರಲ್ಲಿ ಸ್ವರದಿಂದ ಸ್ವರಕ್ಕೆ ಹೋಗುವ ದಾರಿಯೇ ಸಂಗೀತ. ಕ್ಯಾನನ್‌ಬಾಲ್ ಅವರಲ್ಲಿ ಸ್ವರಗಳು ಒಂದರ ಹಿಂದೆ ಒಂದು ಪುಟಿಯುತ್ತಾ, ನಗುತ್ತಾ ಬರುತ್ತವೆ. ಎರಡೂ ಪೂರ್ಣ. ಒಂದರ ಅಳತೆಗೋಲು ಹಿಡಿದು ಇನ್ನೊಂದನ್ನು ಅಳೆಯಬಾರದು.

ಇನ್ನೂ ಒಂದು ದೊಡ್ಡ ವ್ಯತ್ಯಾಸವಿದೆ. ಇಲ್ಲಿ ಆರೋಹಣ, ಅವರೋಹಣದ ಕಟ್ಟುಪಾಡಿಲ್ಲ. ಸ್ಕೇಲ್‌ನ ಹೊರಗಿನ ಸ್ವರವನ್ನು ಮುಟ್ಟಿ ಬಂದರೂ ಯಾರೂ ತಪ್ಪು ಅನ್ನೋದಿಲ್ಲ. ಕ್ಯಾನನ್‌ಬಾಲ್ ಅಂತೂ ಅದನ್ನು ಪ್ರೀತಿಯಿಂದಲೇ ಮಾಡುತ್ತಾರೆ. ಹಿಂದೆ ತಂಬೂರಿಯ ಬದಲು ಪಿಯಾನೋ ಇದೆ. ಅದು ನಾಲ್ಕೈದು ಸ್ವರಗಳನ್ನು ಒಟ್ಟಿಗೆ ಹಿಡಿದು ಬಿಟ್ಟು ಮಾಡುತ್ತಿರುತ್ತೆ. ಇವಾನ್ಸ್ ಬೇಕಾದದ್ದು ಇದಕ್ಕೇ. ಸಾಮಾನ್ಯ ಕಾರ್ಡ್‌ಗಳು ‘ಮುಂದೆ ಇಲ್ಲಿಗೆ ಹೋಗು’ ಅಂತ ಒಂದು ದಿಕ್ಕನ್ನು ತೋರಿಸುತ್ತವೆ. ಇವಾನ್ಸ್ ಸ–ಮ ಅಂತರದಲ್ಲಿ ಒಂದರ ಮೇಲೊಂದು ಸ್ವರ ಜೋಡಿಸಿ, ಯಾವ ದಿಕ್ಕನ್ನೂ ತೋರಿಸದ ಗೊಂಚಲುಗಳನ್ನು ಕಟ್ಟಿದರು. ಕೇಳಿದರೆ ಮಂಜಿನ ಹಾಗೆ ಸುಮ್ನೆ ತೇಲುತ್ತಿರುತ್ತವೆ. ಆ ಮಂಜು ಇಲ್ಲದಿದ್ದರೆ ಈ ಬಯಲು ಬರೀ ಬಯಲಾಗುತ್ತಿತ್ತು.

ಈಗ ಎರಡನೇ ಪ್ರಶ್ನೆ, ಶ್ರುತಿ ಏರಿದ್ದು.

‘ಸೋ ವಾಟ್’ನ ಕಟ್ಟಡ ತುಂಬಾ ಸರಳ. ನಾಲ್ಕು ಎಣಿಕೆ ಸೇರಿದರೆ ಒಂದು ಬಾರ್. ಇಂಥ 32 ಬಾರ್ ಸೇರಿದರೆ ಒಂದು ಸುತ್ತು. ಒಂದು ಸುತ್ತಿಗೆ ಹೆಚ್ಚುಕಡಿಮೆ ಒಂದು ನಿಮಿಷ. ಮೊದಲ 16 ಬಾರ್ ಪೂರ್ತಿ ಒಂದೇ ನೆಲೆ. ಅದು ‘ಡಿ’ ಸ್ವರ, ನಮ್ಮ ಲೆಕ್ಕದಲ್ಲಿ ಎರಡು ಮನೆ ಶ್ರುತಿ. ಆಮೇಲೆ 8 ಬಾರ್ ಇಡೀ ಸ್ಕೇಲ್ ಅರ್ಧ ಮನೆ ಮೇಲಕ್ಕೆ ಸರಿಯುತ್ತೆ. ಕೊನೆಯ 8 ಬಾರ್ ಮತ್ತೆ ಮೊದಲ ನೆಲೆಗೆ. ಅಷ್ಟೇ. ಇಡೀ ಒಂಬತ್ತು ನಿಮಿಷ ಇದೇ ಸುತ್ತು ತಿರುಗುತ್ತಾ ಇರುತ್ತೆ.

ಕಚೇರಿ ನಡುವೆ ಶ್ರುತಿ ಪೆಟ್ಟಿಗೆಯನ್ನು ಎರಡರಿಂದ ಎರಡೂವರೆಗೆ ತಿರುಗಿಸಿದರೆ ಹೇಗಿರುತ್ತೆ? ಅಮ್ಮ ಬೆಚ್ಚಿಬಿದ್ದದ್ದು ಅದಕ್ಕೇ. ನಮಗೆ ಷಡ್ಜ ಅಂದರೆ ಮನೆಯ ಅಡಿಪಾಯ. ಅದನ್ನು ಅಲ್ಲಾಡಿಸಬಾರದು. ಇಲ್ಲಿ ಅಡಿಪಾಯ ಅಲ್ಲಾಡೋದೇ ಕಥೆಯ ತಿರುವು. 16 ಬಾರ್ ಒಂದೇ ಕಡೆ ನಿಂತು ಕಿವಿ ಅಲ್ಲಿ ಬೇರು ಬಿಟ್ಟಿರುತ್ತೆ. ಆಗ ಅರ್ಧ ಮನೆ ಏರಿದರೆ ಕೋಣೆಯ ಬೆಳಕೇ ಬದಲಾದ ಹಾಗಾಗುತ್ತೆ. ತಿರುಗಿ ಬಂದಾಗ ಅದೇ ಹಳೆಯ ನೆಲೆ ಹೊಸದಾಗಿ ಕಾಣುತ್ತೆ. ಘಾಟಿಯಲ್ಲಿ ನೂರು ತಿರುವು ಇದ್ದರೆ ಯಾವುದೂ ನೆನಪಿರಲ್ಲ. ಬಯಲಲ್ಲಿ ಒಂದೇ ಒಂದು ತಿರುವು ಇದ್ದರೆ ಅದನ್ನು ಯಾರೂ ಮರೆಯಲ್ಲ.

ಇದನ್ನು ನೀವೇ ಪರೀಕ್ಷೆ ಮಾಡಬಹುದು. ಪಿಯಾನೋ ಮತ್ತು ಬಾಸ್ ಸೇರಿ ನುಡಿಸುವ ತಾಳವಿಲ್ಲದಂಥ ಮುನ್ನುಡಿ ಮೊದಲು ಬರುತ್ತೆ. ಅದು ಮುಗಿದಮೇಲೆ ಬಾಸ್ ಒಂದು ಸಾಲು ಹೇಳುತ್ತೆ. ಮೊದಲು ಪಿಯಾನೋ, ಆಮೇಲೆ ಊದುವ ವಾದ್ಯಗಳೂ ಸೇರಿ ಎರಡೇ ಪೆಟ್ಟಿನ ಉತ್ತರ ಕೊಡುತ್ತವೆ. ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟು ಉಳಿದವರು ದನಿಗೂಡಿಸುವ ಹಾಗೆ. ಆ ಎರಡು ಪೆಟ್ಟು ‘ಸೋ… ವಾಟ್’ ಅಂದ ಹಾಗೇ ಕೇಳುತ್ತೆ. ಸಾಮಾನ್ಯವಾಗಿ ಹಿಂದೆ ನಿಂತು ಆಧಾರ ಕೊಡುವ ಬಾಸ್ ಇಲ್ಲಿ ಹಾಡು ಹೇಳುತ್ತಿದೆ. ಮುಂದೆ ನಿಲ್ಲುವ ಮೂವರು ದೊಡ್ಡ ಊದುಗಾರರು ಅದಕ್ಕೆ ತಲೆದೂಗುತ್ತಿದ್ದಾರೆ. ಇದೇ ನನಗೆ ತುಂಬಾ ದೊಡ್ಡ ವಿಷಯ ಅನ್ನಿಸುತ್ತೆ.

ಸುಮಾರು ಒಂದೂವರೆ ನಿಮಿಷಕ್ಕೆ ಡೇವಿಸ್ ಒಂಟಿಯಾಗಿ ಶುರುಮಾಡುತ್ತಾರೆ. ಸರಿಯಾಗಿ ಆ ಕ್ಷಣ ಜಿಮ್ಮಿ ಕಾಬ್ ಕಂಚಿನ ತಾಳವನ್ನು ಒಮ್ಮೆ ಜೋರಾಗಿ ಹೊಡೆಯುತ್ತಾರೆ. ಜಾಸ್ತಿ ಜೋರಾಯ್ತೇನೋ ಅಂತ ಅವರಿಗೇ ಆಗ ಅನ್ನಿಸಿತ್ತಂತೆ. ಆದರೆ ಅದರ ನಾದ ನಿಧಾನಕ್ಕೆ ಆರುತ್ತಾ ಹೋಗೋದೂ, ಅದರ ಒಳಗಿಂದ ಟ್ರಂಪೆಟ್ ಎದ್ದು ಬರೋದೂ ಎಷ್ಟು ಚೆನ್ನಾಗಿ ಕೂಡಿಕೊಂಡಿದೆ ಅಂದರೆ, ಬೇಕಂತಲೇ ಯೋಚಿಸಿ ಮಾಡಿದ್ದರೂ ಹೀಗೆ ಬರುತ್ತಿರಲಿಲ್ಲ.

ಅಲ್ಲಿಂದ ಎಣಿಸಿ. ಡೇವಿಸ್ ಎರಡು ಸುತ್ತು, ಕೋಲ್ಟ್ರೇನ್ ಎರಡು, ಕ್ಯಾನನ್‌ಬಾಲ್ ಎರಡು, ಇವಾನ್ಸ್ ಒಂದು. ಎಲ್ಲರಿಗೂ ಒಂದೇ ಬಯಲು. ಡೇವಿಸ್ ಕೆಲವೇ ಮಾತು ಆಡಿ ನಡುವೆ ಜಾಗ ಬಿಡುತ್ತಾರೆ. ಆ ಮೌನದಲ್ಲಿ ಬಾಸ್ ನಡೆಯೋದು ಕೇಳುತ್ತೆ. ಕೋಲ್ಟ್ರೇನ್ ಬಂದ ಕೂಡಲೇ ಒಳಗೆ ಏನೋ ಹುಡುಕುತ್ತಿರುವವರ ಹಾಗೆ ಸ್ವರಗಳನ್ನು ಅಗೆಯುತ್ತಾರೆ. ಕ್ಯಾನನ್‌ಬಾಲ್ ಊರ ಜಾತ್ರೆಯ ಸಡಗರ ತರುತ್ತಾರೆ. ಇವಾನ್ಸ್ ಮಾತು ಕಡಿಮೆ, ಗೊಂಚಲುಗಳಲ್ಲೇ ಮುಗಿಸುತ್ತಾರೆ. ಅವರ ಹಿಂದೆ ಊದುವ ವಾದ್ಯಗಳು ಅದೇ ಎರಡು ಪೆಟ್ಟನ್ನು ಮತ್ತೆ ಹೇಳುತ್ತವೆ.

ನಾನು ಮೊದಲು ತಪ್ಪಿದ್ದು ಇಲ್ಲೇ. ರಾಗ ವಿಸ್ತಾರ ಕಾಯುತ್ತಿದ್ದೆ. ಮಂದ್ರದಿಂದ ಮೆಲ್ಲಗೆ ಏರಿ ತಾರಷಡ್ಜ ಮುಟ್ಟುವ ಆಲಾಪನೆಯ ಹಾದಿ ಹುಡುಕುತ್ತಿದ್ದೆ. ಅದು ಬರಲಿಲ್ಲ. ಒಂದು ಸ್ವರಸಮೂಹದ ಆಳವನ್ನು ತೋರಿಸೋದು ಈ ಸಂಗೀತದ ಗುರಿಯಲ್ಲ. ಒಂದೇ ಜಾಗದಲ್ಲಿ ನಾಲ್ಕು ಬೇರೆ ಬೇರೆ ಸ್ವಭಾವಗಳು ಹೇಗೆ ನಿಲ್ಲುತ್ತವೆ ಅನ್ನೋದು ಇಲ್ಲಿ ಕೇಳಬೇಕಾದ್ದು. ರಾಗ ಹುಡುಕೋದು ಬಿಟ್ಟು ಮನುಷ್ಯರನ್ನು ಕೇಳೋಕೆ ಶುರುಮಾಡಿದ ದಿನ ನನಗೆ ಈ ಆಲ್ಬಂ ತೆರೆದುಕೊಂಡಿತು.

ಆ ಕ್ಯಾಸೆಟ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಅಮ್ಮ ತಮ್ಮ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ತಂದು ‘ಸೋ ವಾಟ್’ ಜೊತೆ ಇಟ್ಟು ನೋಡಿದರು. ಎರಡಕ್ಕೂ ಕೂರಲಿಲ್ಲ, ಎರಡೂವರೆಗೂ ಕೂರಲಿಲ್ಲ. ಎರಡಕ್ಕಿಂತ ಚೂರು ಮೇಲೆ. ಟೇಪ್‌ರೆಕಾರ್ಡರ್ ಕೆಟ್ಟಿದೆ ಅಂತ ಅಂದುಕೊಂಡೆವು. ಕಾರಣ ಗೊತ್ತಾದದ್ದು ಬಹಳ ವರ್ಷದ ಮೇಲೆ. ಮಾರ್ಚ್ 2ರಂದು ಸ್ಟುಡಿಯೋದ ಮುಖ್ಯ ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡಿತ್ತು. ನಿಧಾನ ಓಡಿದ ಟೇಪನ್ನು ಸರಿಯಾದ ವೇಗದಲ್ಲಿ ಹಾಕಿದರೆ ಸಂಗೀತ ಚೂರು ಬೇಗ, ಚೂರು ಮೇಲಿನ ಶ್ರುತಿಯಲ್ಲಿ ಕೇಳುತ್ತೆ. ಹಾಗಾಗಿ ರೆಕಾರ್ಡಿನ ಮೊದಲ ಬದಿಯ ಮೂರೂ ಟ್ರ್ಯಾಕ್ ಮೂವತ್ತಕ್ಕೂ ಹೆಚ್ಚು ವರ್ಷ ಏರಿದ ಶ್ರುತಿಯಲ್ಲೇ ಮಾರಾಟವಾದವು. 1990ರ ದಶಕದ ಮರುಮುದ್ರಣಗಳಲ್ಲಿ ಇದನ್ನು ಸರಿಪಡಿಸಿದರು. ಈಗ ಫೋನಿನಲ್ಲಿ ನಾವು ಕೇಳೋದು ಸಾಮಾನ್ಯವಾಗಿ ಸರಿಪಡಿಸಿದ್ದನ್ನೇ. ಅಮ್ಮನ ಕಿವಿ ಅವತ್ತು ಎರಡನೇ ಸಲವೂ ತಪ್ಪಿರಲಿಲ್ಲ.

ಉಳಿದ ಟ್ರ್ಯಾಕ್‌ಗಳಲ್ಲಿ ‘ಫ್ರೆಡ್ಡಿ ಫ್ರೀಲೋಡರ್’ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದು 12 ಬಾರ್‌ಗಳ ಬ್ಲೂಸ್, ಕಪ್ಪು ಅಮೆರಿಕನ್ನರ ಹಳೆಯ ಹಾಡಿನ ಅಚ್ಚು. ಇವಾನ್ಸ್ ಬದಲು ವಿಂಟನ್ ಕೆಲ್ಲಿ ನುಡಿಸಿರೋದು ಇದರಲ್ಲೇ. ಅವರ ಬೆರಳಿನಲ್ಲಿ ಒಂದು ನಡೆಯುವ ಖುಷಿ ಇದೆ. ಕೇಳೋಕೆ ಹಿತ. ಆದರೆ ಆಲ್ಬಂನ ಧೈರ್ಯ ಇದರಲ್ಲಿ ಕಡಿಮೆ ಅಂತ ನನ್ನ ಅನಿಸಿಕೆ.

‘ಬ್ಲೂ ಇನ್ ಗ್ರೀನ್’ ಬೇರೆ ಥರ. ಇದನ್ನು ಮೋಡಲ್ ಅಂತ ಹೇಳೋಕೇ ಆಗಲ್ಲ. ಕಾರ್ಡ್‌ಗಳು ಇಲ್ಲಿ ಬದಲಾಗುತ್ತಲೇ ಇರುತ್ತವೆ. ಸುತ್ತು ಹತ್ತು ಬಾರ್‌ಗಳದ್ದು. ಎಂಟು, ಹನ್ನೆರಡು, ಹದಿನಾರಕ್ಕೆ ಒಗ್ಗಿದ ಕಿವಿಗೆ ಹತ್ತು ಅನ್ನೋದು ಮುಗಿದಂತೆ ಅನ್ನಿಸೋದೇ ಇಲ್ಲ. ಕೊನೆ ಬಂತು ಅನ್ನುವಷ್ಟರಲ್ಲಿ ಮೊದಲು ಶುರುವಾಗಿರುತ್ತೆ. ಆ ಮುಗಿಯದ ದುಃಖಕ್ಕೆ ಇದೇ ಕಾರಣ. ಕ್ಯಾನನ್‌ಬಾಲ್ ಇದರಲ್ಲಿ ಇಲ್ಲ. ಡೇವಿಸ್ ಟ್ರಂಪೆಟ್ ಬಾಯಿಗೆ ದನಿ ತಗ್ಗಿಸುವ ಲೋಹದ ಮ್ಯೂಟ್ ಸಿಕ್ಕಿಸಿ, ಮೈಕಿಗೆ ತೀರಾ ಹತ್ತಿರ ನಿಂತು ಊದುತ್ತಾರೆ. ಕಿವಿಯಲ್ಲಿ ಗುಟ್ಟು ಹೇಳಿದ ಹಾಗಿರುತ್ತೆ. ಆಲ್ಬಂ ಮೇಲೆ ರಚನೆ ಡೇವಿಸ್ ಹೆಸರಿನಲ್ಲಿದೆ. ಇದು ತನ್ನದು ಅಂತ ಇವಾನ್ಸ್ ಕೊನೆವರೆಗೂ ಹೇಳುತ್ತಿದ್ದರು. ಇವಾನ್ಸ್ ಅವರ ಬೇರೆ ರೆಕಾರ್ಡ್‌ಗಳನ್ನು ಕೇಳಿದ ನನಗೆ ಅವರ ಮಾತೇ ನಿಜ ಅನ್ನಿಸುತ್ತೆ.

‘ಆಲ್ ಬ್ಲೂಸ್’ ಕೂಡ 12 ಬಾರ್‌ಗಳ ಬ್ಲೂಸ್. ಆದರೆ ನಾಲ್ಕರ ನಡೆ ಬಿಟ್ಟು ಆರರ ತೂಗಾಟಕ್ಕೆ ಬಂದಿದೆ. ನಮ್ಮ ತಿಶ್ರ ನಡೆ ಗೊತ್ತಿರುವವರು ತೊಡೆ ತಟ್ಟಿಕೊಂಡೇ ಕೇಳಬಹುದು. ಹನ್ನೊಂದೂವರೆ ನಿಮಿಷ. ಆಲ್ಬಂನಲ್ಲಿ ಎಲ್ಲಕ್ಕಿಂತ ಉದ್ದ. ಮಳೆ ಹಿಡಿದ ಮಧ್ಯಾಹ್ನ ಕಿಟಕಿ ಪಕ್ಕ ಕೂತು ಇದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಆದರೆ ನನ್ನ ಪಾಲಿಗೆ ಈ ಆಲ್ಬಂನ ಶಿಖರ ಕೊನೆಯ ‘ಫ್ಲಮೆಂಕೋ ಸ್ಕೆಚಸ್’. ಎಲ್ಲರೂ ‘ಸೋ ವಾಟ್’ ಹೆಸರು ಹೇಳುತ್ತಾರೆ. ನಾನು ಇದಕ್ಕೇ ಅಂಟಿಕೊಂಡಿದ್ದೇನೆ.

ಇದರಲ್ಲಿ ಮೊದಲೇ ಕಟ್ಟಿದ ರಾಗದ ಸಾಲು ಇಲ್ಲ. ಪಲ್ಲವಿ ಇಲ್ಲ. ಒಂದು ಸುತ್ತು ಇಷ್ಟೇ ಉದ್ದ ಅನ್ನೋ ಲೆಕ್ಕವೂ ಇಲ್ಲ. ಇರೋದು ಐದು ಸ್ಕೇಲ್, ಅವುಗಳ ಕ್ರಮ, ಅಷ್ಟೇ. ನುಡಿಸುವವರು ಒಂದರಿಂದ ಇನ್ನೊಂದಕ್ಕೆ ಕ್ರಮವಾಗಿ ಹೋಗಬೇಕು. ಆದರೆ ಯಾವುದರಲ್ಲಿ ಎಷ್ಟು ಹೊತ್ತು ಇರಬೇಕು ಅನ್ನೋದು ಅವರವರಿಗೆ ಬಿಟ್ಟದ್ದು. ಸಾಕು ಅನ್ನಿಸಿದಾಗ ಅವರು ಸರಿಯುತ್ತಾರೆ. ಉಳಿದವರೆಲ್ಲ ಅದನ್ನು ಆ ಕ್ಷಣಕ್ಕೇ ಹಿಡಿದು ಜೊತೆಗೆ ಸರಿಯಬೇಕು.

ರಾಗಮಾಲಿಕೆ ಬಲ್ಲವರಿಗೆ ಇದು ಬೇಗ ತಲೆಗೆ ಹೋಗುತ್ತೆ. ಸ್ವರಗಳ ಲೆಕ್ಕ ಮಾತ್ರ ನೋಡಿದರೆ ಮೊದಲನೆಯದು ಶಂಕರಾಭರಣದ ಹಾಗೆ, ಎರಡನೆಯದು ಹರಿಕಾಂಭೋಜಿ, ಮೂರನೆಯದು ಮತ್ತೆ ಶಂಕರಾಭರಣ. ನಾಲ್ಕನೆಯದರಲ್ಲಿ ಸ್ಪೇನಿನ ಫ್ಲಮೆಂಕೋ ಬಣ್ಣ. ಒಮ್ಮೆ ತೋಡಿಯ ಸ್ವರ ಕಂಡರೆ, ಗಾಂಧಾರ ಬದಲಾದಾಗ ವಕುಳಾಭರಣದ ಸ್ವರ ಕಾಣುತ್ತೆ. ಐದನೆಯದು ಖರಹರಪ್ರಿಯ. ಆದರೆ ಪ್ರತಿಯೊಂದಕ್ಕೂ ಷಡ್ಜವೇ ಬೇರೆ. ರಾಗವೂ ಬದಲಾಗುತ್ತೆ, ಶ್ರುತಿಯೂ ಬದಲಾಗುತ್ತೆ. ನಮ್ಮಲ್ಲಿ ಸಾಮಾನ್ಯವಾಗಿ ಆಗದ ಕೆಲಸ.

ಪಿಯಾನೋದ ಮೊದಲ ತೂಗಾಟವನ್ನು ಇವಾನ್ಸ್ ಹಿಂದಿನ ವರ್ಷ ತಾವೇ ನುಡಿಸಿದ್ದ ‘ಪೀಸ್ ಪೀಸ್’ ಅನ್ನೋ ರಚನೆಯಿಂದ ತಂದರು. ಅದರ ಮೇಲೆ ಡೇವಿಸ್ ಮ್ಯೂಟ್ ಹಾಕಿ ಬರುತ್ತಾರೆ. ಆಮೇಲೆ ಕೋಲ್ಟ್ರೇನ್. ‘ಸೋ ವಾಟ್’ನಲ್ಲಿ ಅಗೆಯುತ್ತಿದ್ದ ಇದೇ ಮನುಷ್ಯ ಇಲ್ಲಿ ಪ್ರಾರ್ಥನೆ ಮಾಡುತ್ತಾರೆ. ಇದಾಗಿ ಎರಡು ವಾರದೊಳಗೆ ಇವರು ‘ಜೈಂಟ್ ಸ್ಟೆಪ್ಸ್’ ಧ್ವನಿಮುದ್ರಣಕ್ಕೆ ಕೂತರು ಅಂದರೆ ನಂಬೋದು ಕಷ್ಟ. ಅದು ಕಾರ್ಡ್‌ಗಳು ಬಿರುಗಾಳಿಯ ಹಾಗೆ ಬದಲಾಗುವ ರಚನೆ, ಘಾಟಿಗಳಲ್ಲೇ ಕಡಿದಾದ ಘಾಟಿ. ಎರಡೇ ವಾರದ ಅಂತರದಲ್ಲಿ ಬಯಲನ್ನೂ ಘಾಟಿಯನ್ನೂ ಅವರು ಹೀಗೆ ದಾಟಿದರು. ಕೋಲ್ಟ್ರೇನ್ ಆದಮೇಲೆ ಕ್ಯಾನನ್‌ಬಾಲ್, ಇವಾನ್ಸ್, ಕೊನೆಗೆ ಮತ್ತೆ ಡೇವಿಸ್. ನಾಲ್ಕನೆಯ ಸ್ಕೇಲ್ ಬಂದಾಗ ಹೆಚ್ಚಿನವರು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಾರೆ. ಆ ಜಾಗ ಬಿಟ್ಟು ಹೋಗೋಕೆ ಅವರಿಗೆ ಮನಸ್ಸಿಲ್ಲ. ಕೇಳುವ ನನಗೂ ಇಲ್ಲ.

ಎಲ್ಲವೂ ಒಂದೇ ಸಲಕ್ಕೆ ನುಡಿಸಿದ್ದು ಅಂತ ಒಂದು ದಂತಕಥೆ ಇದೆ. ಅದು ಪೂರ್ತಿ ನಿಜವಲ್ಲ. ‘ಫ್ಲಮೆಂಕೋ ಸ್ಕೆಚಸ್’ ಅನ್ನೇ ಅವರು ಪೂರ್ತಿಯಾಗಿ ಎರಡು ಸಲ ನುಡಿಸಿದ್ದಾರೆ. ಮೊದಲು ನುಡಿಸಿದ್ದೂ ಈಗ ಕೇಳೋಕೆ ಸಿಗುತ್ತೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಸ್ಕೇಲ್‌ಗಳು ಅವೇ, ಜನ ಅವರೇ. ಮಾತು ಬೇರೆ. ಮನೋಧರ್ಮ ಅಂತ ನಾವು ಕರೆಯೋದು ಯಾವುದನ್ನು ಅಂತ ಆಗ ತಿಳಿಯುತ್ತೆ.

ಈ ಆಲ್ಬಂ ಬಗ್ಗೆ ನನಗಿರುವ ಒಂದೇ ಬೇಸರ ಅದರ ಖ್ಯಾತಿಯದ್ದು. ಕಾಫಿ ಅಂಗಡಿಯಲ್ಲಿ, ಹೋಟೆಲ್ ಲಾಬಿಯಲ್ಲಿ ಇದನ್ನು ಸಣ್ಣಗೆ ಹಾಕಿರುತ್ತಾರೆ. ಓದುವಾಗ ಹಿನ್ನೆಲೆಗೆ ಚೆನ್ನಾಗಿದೆ ಅನ್ನುತ್ತಾರೆ. ಇದು ಹಿತವಾದ ಸಂಗೀತ ಅಂತ ಜನ ಅಂದುಕೊಂಡಿದ್ದಾರೆ. ಆ ತಣ್ಣನೆಯ ದನಿ ತಣ್ಣನೆಯ ಕಾಲದಲ್ಲಿ ಹುಟ್ಟಿದ್ದಲ್ಲ. ಆಲ್ಬಂ ಹೊರಬಂದದ್ದು 1959ರ ಆಗಸ್ಟ್ 17ಕ್ಕೆ. ಎಂಟೇ ದಿನಕ್ಕೆ, ಆಗಸ್ಟ್ 25ರ ರಾತ್ರಿ, ನ್ಯೂಯಾರ್ಕ್‌ನ ಬರ್ಡ್‌ಲ್ಯಾಂಡ್ ಕ್ಲಬ್ಬಿನ ಹೊರಗೆ ಡೇವಿಸ್ ನಿಂತಿದ್ದರು. ಒಳಗೆ ಅವತ್ತು ನುಡಿಸುತ್ತಿದ್ದವರು ಅವರೇ. ನಡುವೆ ಹೊರಗೆ ಬಂದಿದ್ದರು. ಕಪ್ಪು ಜನಾಂಗದ ಡೇವಿಸ್ ಅವರಿಗೆ ಅಲ್ಲಿಂದ ಹೋಗು ಅಂತ ಪೊಲೀಸರು ಹೇಳಿದರು. ಅವರು ಒಪ್ಪಲಿಲ್ಲ. ತಲೆ ಒಡೆಯುವ ಹಾಗೆ ಹೊಡೆದು, ಠಾಣೆಗೆ ಕರೆದುಕೊಂಡು ಹೋದರು. ಕೋಟಿನ ಮೇಲೆ ರಕ್ತ ಚೆಲ್ಲಿದ ಅವರ ಚಿತ್ರ ಪತ್ರಿಕೆಗಳಲ್ಲಿ ಬಂತು. ಮುಂದೆ ಕೋರ್ಟು ಅವರದ್ದು ತಪ್ಪಿಲ್ಲ ಅಂತ ಬಿಟ್ಟಿತು. ಇದನ್ನು ತಿಳಿದಮೇಲೆ ಆ ಮೌನಗಳು ನನಗೆ ಹಾಯಾಗಿ ಕೇಳಿಸೋದು ನಿಂತುಹೋಯಿತು. ತನ್ನನ್ನು ಸರಿ ಸರಿ ಅಂತ ದೂಡುವ ಊರಿನಲ್ಲಿ, ಅವಸರವಿಲ್ಲದೆ, ತನಗೆ ಬೇಕಾದಷ್ಟು ಹೊತ್ತು ಒಂದು ಜಾಗದಲ್ಲಿ ನಿಲ್ಲುವ ಸಂಗೀತ ಅದು.

ಅಮೆರಿಕದ ಪ್ರತಿನಿಧಿ ಸಭೆ 2009ರಲ್ಲಿ, ಐವತ್ತು ತುಂಬಿದ ಈ ಆಲ್ಬಂಗೆ ಗೌರವ ಸಲ್ಲಿಸುವ ನಿರ್ಣಯ ಮಾಡಿತು. ವಿರೋಧವಾಗಿ ಒಂದೂ ಮತ ಬೀಳಲಿಲ್ಲ. ನುಡಿಸಿದವರಲ್ಲಿ ಆಗ ಉಳಿದಿದ್ದದ್ದು ಜಿಮ್ಮಿ ಕಾಬ್ ಒಬ್ಬರೇ. ಪಾಲ್ ಚೇಂಬರ್ಸ್ 33ಕ್ಕೇ ಹೋಗಿದ್ದರು. ಕೋಲ್ಟ್ರೇನ್ 40ಕ್ಕೆ. ಕಾಬ್ ಅವರೂ 2020ರ ಮೇನಲ್ಲಿ ತೀರಿಕೊಂಡರು.

ಮೊನ್ನೆ ಅಮ್ಮನಿಗೆ ಹೆಡ್‌ಫೋನ್ ಹಾಕಿ ‘ಫ್ಲಮೆಂಕೋ ಸ್ಕೆಚಸ್’ ಕೇಳಿಸಿದೆ. ಈಗ ಅವರಿಗೆ ವಯಸ್ಸಾಗಿದೆ, ಪಾಠ ನಿಲ್ಲಿಸಿದ್ದಾರೆ. ಮೊದಲು ಅಭ್ಯಾಸಬಲದಿಂದ ಬೆರಳು ಎಣಿಸುತ್ತಿದ್ದರು. ಷಡ್ಜ ಎರಡು ಸಲ ಸರಿದಮೇಲೆ ಎಣಿಸೋದು ಬಿಟ್ಟರು. ನಾಲ್ಕನೆಯದಕ್ಕೆ ಕೋಲ್ಟ್ರೇನ್ ಬಂದಾಗ ಕೈ ಎತ್ತಿ, ನಾನು ಏನೋ ಹೇಳಹೊರಟದ್ದನ್ನು ತಡೆದರು. ಮುಗಿದಮೇಲೆ ಹೆಡ್‌ಫೋನ್ ತೆಗೆಯಲಿಲ್ಲ. “ಆ ದಪ್ಪ ಕೊಳಲಿನವರು ನುಡಿಸಿದ್ದು ಇನ್ನೊಂದ್ಸಲ ಹಾಕು” ಅಂದರು.